ಬೊಂಬೆ ಬೆಟ್ಟಕ್ಕೆ ಬಣ್ಣ ಹೊಡೆಯೋದು ಬೇಸಿಗೆಯ ಕೆಲಸ, ಸ್ವಾಮಿ!

ಮಹಾಲಯ ಅಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಶ್ರೀನಗರದ ಅಟ್ಟಗಳಿಗೆಲ್ಲ ಜೀವ ಬರುತ್ತದೆ. ಏಣಿ ಹಾಕುವವರು, ಟ್ರಂಕು ಇಳಿಸುವವರು, ಕೆಳಗೆ ನಿಂತು 'ಹುಷಾರು, ಹುಷಾರು' ಅಂತ ಕೂಗುವವರು. ಪಟ್ಟದ ಬೊಂಬೆ, ಶೆಟ್ಟರ ಬೊಂಬೆ, ಮದುವೆ ದಿಬ್ಬಣ, ದಶಾವತಾರ ಎಲ್ಲ ಹಳೇ ಪಂಚೆ ಬಿಚ್ಚಿಕೊಂಡು ಹೊರಗೆ ಬರುತ್ತವೆ. ಕೊನೆಗೆ ಬರುವುದು, ಇಬ್ಬರು ಸೇರಿ ಇಳಿಸಬೇಕಾದ, ಮನೆಯವರು 'ಪಾರ್ಕು' ಎಂದು ಕರೆಯುವ ಹಲಗೆ. ಅದರ ಮೇಲೆ ಬೆಟ್ಟ, ಬೆಟ್ಟಕ್ಕೆ ಮೆಟ್ಟಿಲು, ತುದಿಗೆ ಗುಡಿ, ಕೆಳಗೆ ಕೊಳ, ದಾರಿ, ಹುಲ್ಲು.

ಬೊಂಬೆಗಳನ್ನು ಮೆಚ್ಚುವವರು ಸಾವಿರ ಜನ. ಬೊಂಬೆ ನಿಂತ ನೆಲವನ್ನು ಯಾರು ನೋಡುತ್ತಾರೆ ಹೇಳಿ? ಈ ವಾರದ ಅಂಕಣ ಆ ನೆಲದ ಬಗ್ಗೆ. ಮರಳು, ಪುಟ್ಟಿ, ಬಣ್ಣ ಬೆರೆಸಿ ಉರುಟುರುಟಾಗಿ ಮಾಡಿದ ಆ ಮೇಲ್ಮೈ ವರ್ಷ ವರ್ಷ ಉದುರದ ಹಾಗೆ ಕಾಪಾಡುವುದು ಹೇಗೆ ಎಂಬುದರ ಬಗ್ಗೆ. 'ಇದೂ ಒಂದು ಸಮಸ್ಯೆಯೇ?' ಅಂತೀರಾ? ನಮ್ಮ ಬೀದಿಯ ಒಂದು ಮನೆಯಲ್ಲಿ ಇದು ಕಣ್ಣೀರಿನವರೆಗೂ ಹೋಯಿತು. ಕೇಳಿ.

ಉದುರಿದ ಬೆಟ್ಟ

2024ರ ನವರಾತ್ರಿ ಅಕ್ಟೋಬರ್ 3ಕ್ಕೆ ಶುರುವಾಯಿತು. ಅದರ ಹಿಂದಿನ ಭಾನುವಾರ ಪಕ್ಕದ ಅಡ್ಡರಸ್ತೆಯ ಅಜ್ಜಿಯೊಬ್ಬರು ಹೇಳಿಕಳಿಸಿದರು. 'ಪೇಪರ್‌ನೋರೇ, ಸ್ವಲ್ಪ ಬಂದು ನೋಡಿ. ಯಜಮಾನ್ರು ಮಾಡಿದ ಬೆಟ್ಟ ಹಾಳಾಗೋಗಿದೆ.'

ಹೋದೆ. ನಡುಮನೆಯಲ್ಲಿ ನಾಲ್ಕಡಿ ಉದ್ದ, ಮೂರಡಿ ಅಗಲದ ಪ್ಲೈವುಡ್ ಹಲಗೆ. ಅದರ ಮೇಲೆ ಹನುಮಂತನಗರದ ಕುಮಾರಸ್ವಾಮಿ ಗುಡ್ಡದ ಪುಟ್ಟ ಪ್ರತಿರೂಪ. ಅಜ್ಜಿಯ ಯಜಮಾನರು ನಿವೃತ್ತರಾದ ಮೇಲೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದ್ದು. ಥರ್ಮೋಕೋಲ್ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ, ಮೇಲೆ ಹಳೇ ಬಟ್ಟೆ ಹೊದಿಸಿ, ಗೋಡೆಗೆ ಬಳಿಯುವ ಪುಟ್ಟಿಯಲ್ಲಿ ಮರಳು ಕಲಸಿ ಮೆತ್ತಿ, ಬಂಡೆಗೆ ಬೂದು, ದಾರಿಗೆ ಕೆಮ್ಮಣ್ಣು ಬಣ್ಣ ಬಳಿದಿದ್ದರು. ಯಜಮಾನರು ತೀರಿಕೊಂಡು ಮೂರು ವರ್ಷವಾಗಿತ್ತು.

ಈಗ ಆ ಬೆಟ್ಟದ ಸ್ಥಿತಿ ನೋಡಿ. ತುದಿ ಮುಟ್ಟಿದರೆ ಮರಳು ಉದುರುತ್ತದೆ. ತಗ್ಗುಗಳಲ್ಲಿ ಕಪ್ಪು ಚುಕ್ಕೆ, ಮುಗ್ಗಲು ವಾಸನೆ. ಹಲಗೆ ಹಪ್ಪಳದ ಹಾಗೆ ಬಾಗಿದೆ, ಬಾಗಿದ ಕಡೆ ಪುಟ್ಟಿ ಬಿರುಕು ಬಿಟ್ಟಿದೆ. ಇನ್ನು ಕೊಳ! ಹೊಳೆಯಲಿ ಅಂತ ವಾರ್ನಿಷ್ ಬಳಿದ ಕೊಳಕ್ಕೆ ಸುತ್ತಿದ್ದ ವೃತ್ತಪತ್ರಿಕೆ ಕಚ್ಚಿಕೊಂಡು, ನೀರಿನ ಮೇಲೆ ಅಕ್ಷರಗಳು ತಲೆಕೆಳಗಾಗಿ ಮೂಡಿವೆ. ಓದಿ ನೋಡಿದೆ: ಯಾವುದೋ ವಾರ್ಡಿನ ಚರಂಡಿ ಸುದ್ದಿ. ನಮ್ಮ ಪತ್ರಿಕೆಯದೇ ಇದ್ದರೂ ಇರಬಹುದು. ನಾನು ಬಾಯಿ ಬಿಡಲಿಲ್ಲ.

ಮೊಮ್ಮಗಳು ಈಗ ಕಾಲೇಜಿನ ಹುಡುಗಿ. 'ಅಜ್ಜಿ, ಬಿಟ್ಟಾಕು. ಅಂಗಡೀಲಿ ರೆಡಿಮೇಡ್ ಸೆಟ್ ಸಿಗತ್ತೆ' ಅಂದಳು. ಅಂದವಳೇ ಆ ಕಡೆ ಮುಖ ತಿರುಗಿಸಿದಳು. ಅಜ್ಜಿ ಏನೂ ಮಾತಾಡಲಿಲ್ಲ. ಸೆರಗಿನ ತುದಿಯಿಂದ ಗುಡಿಯ ಮೇಲಿನ ಧೂಳು ಒರೆಸುತ್ತಿದ್ದರು.

ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು ಎನ್ನುತ್ತಾರೆ ಭೂವಿಜ್ಞಾನಿಗಳು. ನಾವು ಮನೆಯಲ್ಲಿ ಮಾಡುವ ಬಂಡೆ ಹತ್ತು ದಸರೆಯನ್ನಾದರೂ ನೋಡಬೇಡವೇ?

ನಾನೂ ಕೈ ಸುಟ್ಟುಕೊಂಡವನೇ

ಇಲ್ಲಿ ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಮನೆಯ ಪಾರ್ಕಿಗೂ ಹೀಗೇ ಬಣ್ಣ ಬಳಿದಿದ್ದೆ. ಹಬ್ಬಕ್ಕೆ ಎರಡೇ ದಿನ. ಹೊರಗೆ ಜಿಟಿಜಿಟಿ ಮಳೆ. ಅಂಗಡಿಯವರು ಕೊಟ್ಟ ಸ್ಪ್ರೇ ಡಬ್ಬ ತಂದು, ರಾತ್ರಿ ಹನ್ನೊಂದು ಗಂಟೆಗೆ ವರಾಂಡದಲ್ಲಿ ನಿಂತು ಪುಸ್ ಪುಸ್ ಅಂತ ಹೊಡೆದೆ. ಬೆಳಿಗ್ಗೆ ಎದ್ದು ನೋಡಿದರೆ ಹಸಿರು ಬೆಟ್ಟದ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮುಸುಕು! ಮನೆಯವಳು ನೋಡಿ, 'ಕೈಲಾಸ ಆಯ್ತು ಬಿಡಿ, ಶಿವ-ಪಾರ್ವತಿ ಇಟ್ಟುಬಿಡೋಣ' ಅಂದಳು.

ಆಗಿದ್ದೇನು? ಸ್ಪ್ರೇಯಲ್ಲಿರುವ ತಿನ್ನರು ಬೇಗ ಹಾರಿಹೋಗುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ತಣ್ಣನೆಯ ಲೋಟದ ಮೇಲೆ ಬೆವರಿನಂತೆ ಕೂತು, ಒಣಗುತ್ತಿರುವ ಪದರದೊಳಗೇ ಸಿಕ್ಕಿಕೊಳ್ಳುತ್ತದೆ. ಅದೇ ಬಿಳಿ ಮುಸುಕು. ಡಬ್ಬದ ತಪ್ಪಲ್ಲ, ಬಣ್ಣದ ತಪ್ಪೂ ಅಲ್ಲ. ತಪ್ಪು ನನ್ನ ಪಂಚಾಂಗದ್ದು.

ಪಂಚಾಂಗ ಎಂದದ್ದು ತಮಾಷೆಗಲ್ಲ. ಬೆಂಗಳೂರಿನಲ್ಲಿ ವರ್ಷದಲ್ಲೇ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್, ಸರಾಸರಿ 20 ಸೆಂಟಿಮೀಟರಿನ ಆಸುಪಾಸು. ಅಕ್ಟೋಬರೂ ಹಿಂದೆ ಬಿದ್ದಿಲ್ಲ. ನಮ್ಮ ಬೊಂಬೆ ಹಬ್ಬ ಬೀಳುವುದು ಸರಿಯಾಗಿ ಇದೇ ಎರಡು ತಿಂಗಳಲ್ಲಿ. ಅಂದರೆ ಬಣ್ಣ ಒಣಗಲು ಅತ್ಯಂತ ಕೆಟ್ಟ ಕಾಲದಲ್ಲಿ ಇಡೀ ಊರು ಬಣ್ಣ ಹೊಡೆಯಲು ಕೂರುತ್ತದೆ! ಮಾರ್ಚ್-ಏಪ್ರಿಲ್‌ನಲ್ಲಿ, ಗಾಳಿ ಒಣಗಿ ತುಟಿ ಒಡೆಯುವಾಗ, ಬೆಟ್ಟದ ನೆನಪು ಯಾರಿಗಿರುತ್ತದೆ?

ಪೇಂಟರ್ ಯಜಮಾನರ ಪರೀಕ್ಷೆ

ಅಜ್ಜಿಯ ಮನೆಗೆ ನಾನು ಕರೆದೊಯ್ದದ್ದು ನಮ್ಮ ಬೀದಿಯ ಹಿರಿಯರೊಬ್ಬರನ್ನು. ಕಾರ್ಖಾನೆಯ ಪೇಂಟ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು. ಹೆಸರು ಹಾಕಬೇಡಿ ಅಂದಿದ್ದಾರೆ. ಕನ್ನಡಕ ಹಣೆಗೇರಿಸಿ, ಹಲಗೆಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಬಗ್ಗಿ ಕೆಳಭಾಗಕ್ಕೆ ಕೈಯಾಡಿಸಿದರು.

'ಅಮ್ಮಾ, ಇದಕ್ಕೆ ಬಂದಿರೋದು ಒಂದು ಕಾಯಿಲೆ ಅಲ್ಲ, ನಾಲ್ಕು.'

ಒಂದನೆಯದು ಬಾಗಿದ ಹಲಗೆ. ಮೇಲ್ಗಡೆ ಪುಟ್ಟಿ, ಬಣ್ಣ, ವಾರ್ನಿಷ್ ಎಲ್ಲ ಬಿದ್ದು ಮುಚ್ಚಿಹೋಗಿದೆ. ಕೆಳಗಡೆ ಬರೀ ಮರ. ಮಳೆಗಾಲದಲ್ಲಿ ಕೆಳಭಾಗ ತೇವ ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೇಲ್ಭಾಗ ಅಲುಗುವುದಿಲ್ಲ. ಹಲಗೆ ಬಾಗದೆ ಏನು ಮಾಡೀತು? ಹಲಗೆ ಬಾಗುತ್ತದೆ, ಪುಟ್ಟಿ ಬಾಗುವ ಜಾತಿಯದಲ್ಲ, ಒಡೆಯುತ್ತದೆ. ಅಂದರೆ ಬಿರುಕು ಮೇಲೆ ಕಂಡರೂ ರೋಗ ಇರುವುದು ಕೆಳಗೆ.

ಎರಡನೆಯದು ಮುಗ್ಗಲು. ನಮ್ಮಲ್ಲಿ ಪಾರ್ಕಿಗೆ ಹಸಿರು ಬರಲಿ ಅಂತ ರಾಗಿ ಚೆಲ್ಲಿ ಮೊಳಕೆ ಬರಿಸುವುದುಂಟು. ನೋಡಲು ಬಲು ಚೆಂದ. ಆದರೆ ಒಂಬತ್ತು ದಿನ ನೀರು ಚಿಮುಕಿಸಿ, ಹಬ್ಬ ಮುಗಿದ ಮಾರನೇ ದಿನವೇ ಸುತ್ತಿ ಅಟ್ಟಕ್ಕೆ ಎಸೆದರೆ, ಒಳಗಿನ ತೇವ ಎಲ್ಲಿ ಹೋಗಬೇಕು? ಬಟ್ಟೆ, ಅಂಟು, ಧೂಳು ಎಲ್ಲವೂ ಬೂಷ್ಟಿಗೆ ಊಟ.

ಮೂರನೆಯದು ಉದುರುವ ತುದಿಗಳು. ನುಣುಪಾದ ಗೋಡೆಗೆ ಬಳಿದ ಹಾಗೆ ಉರುಟು ಮೇಲ್ಮೈಗೆ ಬ್ರಷ್ ಎಳೆದರೆ ವಾರ್ನಿಷ್ ಎಲ್ಲ ಇಳಿದು ತಗ್ಗಿನಲ್ಲಿ ಕೂರುತ್ತದೆ. ತುದಿಗೆ ಸಿಗುವುದು ತೆಳ್ಳನೆಯ ಪೊರೆ ಮಾತ್ರ. ಕೈ ತಾಕುವುದು, ಬಟ್ಟೆ ಉಜ್ಜುವುದು ತುದಿಗೇ. ತಗ್ಗಿಗೆ ರಕ್ಷಣೆ ಬೇಕಿಲ್ಲ, ಅಲ್ಲೇ ಜಾಸ್ತಿ. ತುದಿಗೆ ಬೇಕು, ಅಲ್ಲೇ ಇಲ್ಲ.

ನಾಲ್ಕನೆಯದು ಪೇಪರ್ ಕಚ್ಚಿದ ಕೊಳ. ವಾರ್ನಿಷ್ ಮುಟ್ಟಿದರೆ ಅಂಟುವುದಿಲ್ಲ ಎಂದಾಕ್ಷಣ ಒಣಗಿತು ಎಂದಲ್ಲ. ದಪ್ಪ ಬಳಿದದ್ದು ಒಳಗೊಳಗೇ ವಾರಗಟ್ಟಲೆ ಮೆತ್ತಗಿರುತ್ತದೆ. ಅದಕ್ಕೆ ಕಾಗದ ಒತ್ತಿ, ಅಟ್ಟದ ಬೇಸಿಗೆ ಕಾವಿಗೆ ಇಟ್ಟರೆ ಎರಡೂ ಒಂದಾಗುತ್ತವೆ.

'ಹಾಗಾದ್ರೆ ಈಗಲೇ ಒಂದು ಕೋಟು ಹೊಡೆದುಬಿಡಿ ಸ್ವಾಮಿ, ನಾಡಿದ್ದು ಹಬ್ಬ' ಅಂದರು ಅಜ್ಜಿ.

ಪೇಂಟರ್ ಯಜಮಾನರು ತಲೆಯಾಡಿಸಿದರು. 'ಇಲ್ಲಮ್ಮಾ. ಹಸಿ ಗಾಯಕ್ಕೆ ಪ್ಲಾಸ್ಟರ್ ಸುತ್ತಿದಂಗಾಗತ್ತೆ. ಒಳಗಿರೋ ತೇವಾನ ಒಳಗೇ ಕೂಡಿಹಾಕಿದಂಗೆ. ಈ ಸಲ ಹೀಗೇ ಕೂರಿಸಿ. ಯುಗಾದಿ ಕಳೀಲಿ, ನಾನೇ ಬರ್ತೀನಿ.'

ಆ ವರ್ಷ ಅಷ್ಟೇ ಮಾಡಿದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ತಾರಸಿಯ ಮೇಲೆ, ಒಣ ಬ್ರಷ್ಷಿನಿಂದ ಬೂಷ್ಟು ಝಾಡಿಸಿದರು. ಮೊಮ್ಮಗಳು ಸ್ಪಿರಿಟ್ ಹಚ್ಚಿ ಒರೆಸಲು ಹೋದಳು, ಯಜಮಾನರು ತಡೆದರು. ಸ್ಪಿರಿಟ್ಟಿಗೆ ಎಮಲ್ಷನ್ ಬಣ್ಣ ಕರಗಿ ಬರುತ್ತದೆ. ಉದುರಿದ ಜಾಗಕ್ಕೆ ಹಸಿರು ಬಟ್ಟೆ ಮುಚ್ಚಿ, ಮೇಲೆ ಹಸು-ಕರು ನಿಲ್ಲಿಸಿದ್ದಾಯಿತು. ಬಂದವರು ಕೋಸಂಬರಿ ತಿಂದು ಹೋದರು. ಯಾರಿಗೂ ಗೊತ್ತಾಗಲಿಲ್ಲ.

ನಮ್ಮವರಿಗೆ ಗೊತ್ತಿದ್ದ ವಿದ್ಯೆ

ಉಬ್ಬಿದ, ಉರುಟಾದ ಮೇಲ್ಮೈ ಮಾಡಿ ಅದನ್ನು ಉಳಿಸಿಕೊಳ್ಳುವ ವಿದ್ಯೆ ನಮಗೆ ಹೊಸದೇನಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರನ್ನು ನೋಡಿ. ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ನೆನೆಸಿ ಪುಡಿ ಮಾಡಿದ ನಾರು, ಮರದ ಹೊಟ್ಟು, ಅದೇ ಅಂಟು ಸೇರಿಸಿದ 'ಕಿಟ್ಟ'ವನ್ನು ಮೈತುಂಬ ಮೆತ್ತುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ಚೂರು. ಆಮೇಲೆ ಕಲ್ಲಿನ ಪುಡಿಯ ಲೇಪ. ಕೊನೆಗೆ ಬಣ್ಣ. ಒಂದು ಪದರ ಒಣಗಿದ ಮೇಲೆಯೇ ಇನ್ನೊಂದು. ಮೈಮೇಲಿನ ಒಡವೆಗಳು ಉಬ್ಬಿ ನಿಲ್ಲುವುದು ಆ ಕಲ್ಲುಪುಡಿ-ಅಂಟಿನ ಮಿಶ್ರಣದಿಂದ. ಮೈಸೂರು ಚಿತ್ರಗಳಲ್ಲೂ ಚಿನ್ನದ ರೇಕಿನ ಕೆಳಗೆ ತೆಳುವಾಗಿ ಉಬ್ಬಿಸಿದ ಲೇಪದ ಕೆಲಸ ಇರುತ್ತದೆ.

ಚನ್ನಪಟ್ಟಣದವರದು ಬೇರೆ ದಾರಿ. ಆಲೆಮರದ ಆಟಿಕೆ ಕಡಸಲು ಯಂತ್ರದಲ್ಲಿ ತಿರುಗುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ತಾಳೆಹೂವಿನ ಜಾತಿಯ ಗಿಡದ ಗರಿಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ಆದರೆ ಅದು ದುಂಡಗಿರುವ, ನುಣ್ಣಗಿರುವ ವಸ್ತುವಿಗೆ ಆಗುವ ಮಾತು. ತಗ್ಗು-ದಿಣ್ಣೆಯ ಬೆಟ್ಟವನ್ನು ಯಂತ್ರಕ್ಕೆ ಕಟ್ಟಿ ತಿರುಗಿಸಲಾದೀತೇ? ಅದಕ್ಕೆ ಕಿನ್ನಾಳದ ತಾಳ್ಮೆಯೇ ಬೇಕು: ಪದರ ಪದರ, ಒಣಗಿಸಿ ಒಣಗಿಸಿ.

ಹೊರದೇಶದಲ್ಲೂ ಇದೇ ಚಿಂತೆ. ಆಂಗ್ಲ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲೇ ಆಟದ ಸೈನಿಕರನ್ನಿಟ್ಟು ನೆಲದ ಮೇಲೆ ಯುದ್ಧವಾಡುವ ಬಗ್ಗೆ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದ. ಆ ಹುಚ್ಚು ಇಂದು ದೊಡ್ಡ ವ್ಯಾಪಾರ. ಹೆಬ್ಬೆರಳುದ್ದದ ಬೊಂಬೆ, ಅದು ನಿಲ್ಲಲು ರೂಪಾಯಿ ನಾಣ್ಯದಷ್ಟು ಪೀಠ, ಪೀಠದ ಮೇಲೆ ಕೆಸರು, ಮರಳು, ಹಿಮ ಎಲ್ಲ ತೋರಿಸುವ ಉರುಟು ಬಣ್ಣದ ಡಬ್ಬಗಳು. ಅಜ್ಜಿಯ ಮೊಮ್ಮಗಳ ಗೆಳೆಯರ ಗುಂಪಿನಲ್ಲೂ ಇಂಥ ಬೊಂಬೆಗೆ ಬಣ್ಣ ಹಚ್ಚುವ ಹುಡುಗನೊಬ್ಬನಿದ್ದಾನೆ. ಅವನು ಬಂದು ಪೇಂಟರ್ ಯಜಮಾನರ ಹತ್ತಿರ ಮಾತಿಗೆ ಕೂತ. ಒಬ್ಬರಿಗೆ ಎಪ್ಪತ್ತು ದಾಟಿದೆ, ಇನ್ನೊಬ್ಬನಿಗೆ ಇಪ್ಪತ್ತು. ಆದರೂ ಇಬ್ಬರ ಪಾಠ ಒಂದೇ: ಮೊದಲು ಪೂರಾ ಒಣಗಲಿ, ಆಮೇಲೆ ತೆಳ್ಳಗೆ ಮುಚ್ಚು.

ತಕ್ಕಡಿ ಹೇಳುವ ಸತ್ಯ

2025ರ ಯುಗಾದಿ ಮಾರ್ಚ್ 30ಕ್ಕೆ ಬಂತು. ಅದಾದ ವಾರದಲ್ಲಿ ಹಲಗೆ ಅಟ್ಟದಿಂದ ಇಳಿಯಿತು. ಬಿಸಿಲಿಗೆ ಇಡಲಿಲ್ಲ. ಒಂದೇ ಸಲ ಸುಟ್ಟರೆ ಬಿರುಕು ಹೆಚ್ಚುತ್ತದೆ. ಗಾಳಿಯಾಡುವ ಕೋಣೆಯಲ್ಲಿ, ಎರಡು ಇಟ್ಟಿಗೆಗಳ ಮೇಲೆ, ಕೆಳಗೂ ಗಾಳಿ ಹೋಗುವಂತೆ ಇಟ್ಟರು.

ಒಣಗಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಪೇಂಟರ್ ಯಜಮಾನರ ಉಪಾಯ ಕೇಳಿ ನಾನು ಬೆರಗಾದೆ. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ತರಿಸಿ, ಹಲಗೆಗೆ ಹಗ್ಗ ಹಾಕಿ ದಿನಾ ಬೆಳಿಗ್ಗೆ ತೂಗಿಸಿದರು. ಮೊದಲ ದಿನ 6 ಕಿಲೋ 400 ಗ್ರಾಂ. ಮೂರನೇ ದಿನ 6 ಕಿಲೋ 280. ಒಂಬತ್ತನೇ ದಿನ 6 ಕಿಲೋ 150. ಹತ್ತು, ಹನ್ನೊಂದನೇ ದಿನವೂ ಅಷ್ಟೇ. 'ತೂಕ ನಿಂತಿತು ಅಂದ್ರೆ ನೀರು ಹೋಯ್ತು ಅಂತ ಲೆಕ್ಕ' ಅಂದರು. ಯೋಚಿಸಿ: ಕಾಲು ಲೀಟರ್ ನೀರು ಆ ಬೆಟ್ಟದೊಳಗೆ ಅವಿತು ಕೂತಿತ್ತು! ಹಬ್ಬದ ಹೊತ್ತಿಗೆ ಅದರ ಮೇಲೆ ವಾರ್ನಿಷ್ ಬಳಿದಿದ್ದರೆ?

ತಕ್ಕಡಿ ಇಲ್ಲದವರು ಇನ್ನೊಂದು ಮಾಡಬಹುದು. ಒಂದು ಚೂರು ಪ್ಲಾಸ್ಟಿಕ್ ಹಾಳೆಯನ್ನು ಮೇಲ್ಮೈಗೆ ಹೊದಿಸಿ, ಅಂಚಿಗೆ ಟೇಪ್ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಒಳಗಡೆ ಮಂಜು ಹಿಡಿದಿದ್ದರೆ ಇನ್ನೂ ಹಸಿ.

ಹಲಗೆಯ ಹಿಂದಿನ ಬರಹ

ಹನ್ನೆರಡನೇ ದಿನ ಹಲಗೆಯನ್ನು ನಿಧಾನವಾಗಿ ಮಗುಚಿ, ಹಳೇ ದಿಂಬುಗಳ ಮೇಲೆ ಮಲಗಿಸಿದರು. ಕೆಳಭಾಗಕ್ಕೆ ಪ್ರೈಮರ್, ಮೇಲೆ ಎರಡು ಕೋಟು ಎನಾಮೆಲ್ ಎಂದು ತೀರ್ಮಾನವಾಗಿತ್ತು. ಯಜಮಾನರು ಡಬ್ಬದ ಮುಚ್ಚಳ ಎಬ್ಬಿಸಿದ್ದೂ ಆಗಿತ್ತು. ಆಗ ಮೊಮ್ಮಗಳು 'ತಾಳಿ!' ಎಂದು ಕೂಗಿದಳು.

ಹಲಗೆಯ ಹಿಂಭಾಗದಲ್ಲಿ ಪೆನ್ಸಿಲ್ ಬರಹ. ತಾತನ ಕೈಬರಹ. ಮೊದಲು ಅಳತೆ, ಲೆಕ್ಕ, ಎಷ್ಟು ಮರಳಿಗೆ ಎಷ್ಟು ಪುಟ್ಟಿ. ಅದರ ಕೆಳಗೆ ವರ್ಷಕ್ಕೊಂದು ಸಾಲು. ಒಂದು ವರ್ಷ ಪುಟ್ಟಿ ಮೂರು ಮೆಟ್ಟಿಲಿಗೆ ತಾನೇ ಬಣ್ಣ ಬಳಿದಳು ಅಂತ. ಇನ್ನೊಂದು ವರ್ಷ ಮಳೆ ಜೋರು, ಬಣ್ಣ ಒಣಗಲಿಲ್ಲ ಅಂತ. ಕೊನೆಯ ಸಾಲು: ಕೈ ನಡುಗುತ್ತದೆ, ಮುಂದಿನ ವರ್ಷ ಪುಟ್ಟಿಯೇ ಮಾಡಬೇಕು.

ಅಜ್ಜಿಗೂ ಇದು ಗೊತ್ತಿರಲಿಲ್ಲ. ಅಷ್ಟು ವರ್ಷ ಹಲಗೆ ಇಳಿಸಿ ಹತ್ತಿಸಿದವರು ಯಾರೂ ಕೆಳಗೆ ನೋಡಿರಲಿಲ್ಲ. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಈಗ ನೋಡಿ ಪೇಚು. ಕೆಳಭಾಗ ಮುಚ್ಚದಿದ್ದರೆ ಹಲಗೆ ಮತ್ತೆ ಬಾಗುತ್ತದೆ, ಬೆಟ್ಟ ಉಳಿಯುವುದಿಲ್ಲ. ಎನಾಮೆಲ್ ಬಳಿದರೆ ಬೆಟ್ಟ ಉಳಿಯುತ್ತದೆ, ಬರಹ ಹೋಗುತ್ತದೆ. ಪೇಂಟರ್ ಯಜಮಾನರು ಎನಾಮೆಲ್ ಡಬ್ಬದ ಮುಚ್ಚಳ ವಾಪಸ್ ಒತ್ತಿದರು. 'ಇದಕ್ಕೆ ಬಣ್ಣ ಬೇಡ, ಅರಗು ಸಾಕು' ಅಂದರು.

ಬಡಗಿಗಳು ಫ್ರೆಂಚ್ ಪಾಲಿಶ್ ಎನ್ನುತ್ತಾರಲ್ಲ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಅದು. ತೆಳ್ಳಗೆ ಬಳಿದರೆ ಜೇನಿನ ಬಣ್ಣದ ಗಾಜಿನಂತಿರುತ್ತದೆ, ಕೆಳಗಿನದೆಲ್ಲ ಕಾಣುತ್ತದೆ. ಗಾಳಿಯ ತೇವವನ್ನು ತಡೆಯುವುದರಲ್ಲಿ ಅರಗು ಗಟ್ಟಿಗ. ಅದರ ದೌರ್ಬಲ್ಯ ಎಂದರೆ ಮೇಲೆ ನೀರು ನಿಂತರೆ ಬೆಳ್ಳಗಾಗುತ್ತದೆ. ಹಲಗೆಯ ಅಡಿಭಾಗದಲ್ಲಿ ನೀರೆಲ್ಲಿ ನಿಲ್ಲಬೇಕು? ಆದರೆ ಬ್ರಷ್ ಎಳೆದರೆ ಪೆನ್ಸಿಲ್ ಕಲೆಸಿಹೋಗುವ ಭಯ. ಆದ್ದರಿಂದ ಮೊದಲು ಸ್ಪ್ರೇ ಡಬ್ಬದಿಂದ, ಒಂದಡಿ ದೂರದಲ್ಲಿ, ಮಂಜು ಹನಿಸಿದಂತೆ ಎರಡು ಸಲ. ಏಪ್ರಿಲ್ ಮಧ್ಯಾಹ್ನದ ಒಣ ಗಾಳಿ, ನನಗಾದಂತೆ ಬಿಳಿ ಮುಸುಕು ಬರಲಿಲ್ಲ. ಅದು ಗಟ್ಟಿಯಾದ ಮೇಲೆ ಅರಗು ಮೂರು ಕೋಟು. ಪ್ಲೈವುಡ್ಡಿನ ನಾಲ್ಕು ಅಂಚಿಗೆ ನಾಲ್ಕು ಕೋಟು. ಅಂಚಿನ ಮರ ಬಾಯಿ ತೆರೆದುಕೊಂಡಿರುತ್ತದೆ, ಹೆಚ್ಚು ಕುಡಿಯುತ್ತದೆ. ಬರಹ ಇಲ್ಲದ ಕಡೆ ನೋಡಿ ಎರಡು ರೀಪು ಅಡ್ಡ ಹೊಡೆದು ಸ್ಕ್ರೂ ಬಿಗಿದರು. ಬಾಗು ಮುಕ್ಕಾಲು ಪಾಲು ಇಳಿಯಿತು.

ಮೇಲ್ಭಾಗದ ಚಿಕಿತ್ಸೆ

ಈಗ ಬೆಟ್ಟದ ಸರದಿ. ಮನೆಯಲ್ಲಿ ಮಾಡುವವರು ಕತ್ತರಿಸಿಟ್ಟುಕೊಳ್ಳಲಿ ಅಂತ ಕ್ರಮವಾಗಿ ಹೇಳುತ್ತೇನೆ.

ಉದುರುವ ಮರಳಿಗೆ ಮೊದಲು ಅಂಟು. ಒಂದು ಭಾಗ ಫೆವಿಕಾಲಿಗೆ ಮೂರು ಭಾಗ ನೀರು, ಒಂದೇ ಹನಿ ಪಾತ್ರೆ ತೊಳೆಯುವ ದ್ರಾವಣ. ಆ ಒಂದು ಹನಿ ಇಲ್ಲದಿದ್ದರೆ ನೀರು ಮುತ್ತಿನಂತೆ ಮೇಲೇ ನಿಲ್ಲುತ್ತದೆ, ಇದ್ದರೆ ಮರಳಿನ ಸಂದಿಗೆ ಇಳಿಯುತ್ತದೆ. ಬ್ರಷ್ ಬೇಡ, ಔಷಧಿ ಹಾಕುವ ಡ್ರಾಪರಿನಿಂದ ಹನಿಸಿ. ಮತ್ತೆ ಮೂರು ದಿನ ಒಣಗಿಸಿ. ಬಿರುಕಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದ ಮೆಲ್ಲಗೆ ಆಡಿಸಿ, ಬಣ್ಣ ಹೋದ ಕಡೆ ಮಾತ್ರ ಬಣ್ಣ ತಾಗಿಸಿ. ಮತ್ತೆ ಒಣಗಿಸಿ.

ಆಮೇಲೆ ಮುಚ್ಚುವ ಪದರ. ಇದಕ್ಕೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ವಾರ್ನಿಷ್ ಒಳ್ಳೆಯದು. ಒಳಗೆ ಥರ್ಮೋಕೋಲ್ ಇದ್ದರಂತೂ ಸ್ಪ್ರೇ ಡಬ್ಬ ಮುಟ್ಟಲೇಬೇಡಿ. ಅದರ ತಿನ್ನರು ಬಿರುಕಿನಲ್ಲಿ ಇಳಿದು ಥರ್ಮೋಕೋಲನ್ನು ಬೆಣ್ಣೆಯಂತೆ ಕರಗಿಸುತ್ತದೆ, ಬೆಟ್ಟದೊಳಗೆ ಗುಹೆಯಾಗುತ್ತದೆ. ಅಂಗಡಿಯಲ್ಲಿ ಹೊಳಪಿನದು, ಹೊಳಪಿಲ್ಲದ್ದು ಎರಡೂ ಸಿಗುತ್ತವೆ. ಬಂಡೆ ಹೊಳೆದರೆ ಬಂಡೆಯಂತೆ ಕಾಣುವುದಿಲ್ಲ, ನಿಜ. ಆದರೆ ಹೊಳಪು ತೆಗೆಯಲು ಹಾಕುವ ಪುಡಿಯಿಂದ ಪದರ ಸ್ವಲ್ಪ ಬಡವಾಗುತ್ತದೆ. ಆದ್ದರಿಂದ ಮೊದಲ ಕೋಟು ಹೊಳಪಿನದು, ಗಟ್ಟಿತನಕ್ಕೆ. ಒಂದು ದಿನ ಬಿಟ್ಟು ಎರಡನೆಯದು ಹೊಳಪಿಲ್ಲದ್ದು, ಅಂದಕ್ಕೆ. ಎರಡನೇ ಡಬ್ಬವನ್ನು ಚೆನ್ನಾಗಿ ಕಲಕಿ, ಪುಡಿ ತಳಕ್ಕೆ ಕೂತಿರುತ್ತದೆ.

ಬ್ರಷ್ ಎಳೆಯಬೇಡಿ, ಒತ್ತಿ. ಮೆತ್ತನೆಯ ಬ್ರಷ್ಷಿನ ತುದಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ತುದಿಗೂ ಹತ್ತುತ್ತದೆ, ತಗ್ಗಿಗೂ ಇಳಿಯುತ್ತದೆ. ತಗ್ಗಿನಲ್ಲಿ ನಿಂತದ್ದನ್ನು ಇನ್ನೊಂದು ಒಣ ಬ್ರಷ್ಷಿನಿಂದ ಹೀರಿ ತೆಗೆಯಿರಿ. ಬಳಿದಾಗ ಹಾಲಿನಂತೆ ಕಂಡರೆ ಗಾಬರಿ ಬೇಡ, ಒಣಗಿದರೆ ತಿಳಿಯಾಗುತ್ತದೆ. ನಿಂತ ಕಡೆ ಮಾತ್ರ ಬಿಳಿ ಕಲೆ ಉಳಿಯುತ್ತದೆ. ಕೊಳಕ್ಕೆ ಎಲ್ಲ ಮುಗಿದ ಮೇಲೆ, ಹೊಳಪಿನದು ತೆಳ್ಳಗೆ ಎರಡು ಸಲ.

ಒಂದು ಎಚ್ಚರಿಕೆ. ಈ ಉತ್ಸಾಹದಲ್ಲಿ ಹಳೇ ಮಣ್ಣಿನ ಬೊಂಬೆಗೋ ಅಜ್ಜಿ ಕಾಲದ ಕಿನ್ನಾಳದ ಬೊಂಬೆಗೋ ವಾರ್ನಿಷ್ ಬಳಿಯಲು ಹೋಗಬೇಡಿ. ಹಳೇ ಬಣ್ಣ ಅದನ್ನು ಹೀರಿ ಕಪ್ಪಾಗುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ. ಅವಕ್ಕೆ ಧೂಳು ಝಾಡಿಸುವ ಮೆತ್ತನೆಯ ಬ್ರಷ್ ಸಾಕು. ನಾವು ಮಾಡಿದ್ದನ್ನು ಮುಚ್ಚೋಣ, ಹಿರಿಯರು ಮಾಡಿದ್ದನ್ನು ಹಾಗೇ ಬಿಡೋಣ.

ಇನ್ನು ಎತ್ತಿಡುವ ವಿಷಯ. ವಾರ್ನಿಷ್ ಬಳಿದು ಮೂರು-ನಾಲ್ಕು ವಾರ ಏನನ್ನೂ ಸುತ್ತಬೇಡಿ. ಆಮೇಲೆ ಸುತ್ತುವುದು ಹಳೇ ಮಲ್ಲು ಪಂಚೆ, ವೃತ್ತಪತ್ರಿಕೆ ಬೇಡ (ನಮ್ಮ ಪತ್ರಿಕೆಯ ಮಾಲೀಕರು ಕ್ಷಮಿಸಲಿ, ಅದನ್ನು ಓದಿ ರದ್ದಿಗೆ ಹಾಕಿ). ಪ್ಲಾಸ್ಟಿಕ್ ಬಿಗಿದು ಕಟ್ಟಬೇಡಿ, ಬೆವರುತ್ತದೆ. ಬೇವಿನ ಎಲೆ ಇಡುವುದಾದರೆ ಒಣಗಿದ್ದು ಇಡಿ, ಹಸಿಯದರಲ್ಲೂ ನೀರಿದೆ. ನುಸಿಗುಳಿಗೆ ಥರ್ಮೋಕೋಲಿಗೆ ತಾಕದಿರಲಿ, ಅದನ್ನೂ ತಿನ್ನುತ್ತದೆ. ರಾಗಿ ಹುಲ್ಲು ಬೇಕೇ ಬೇಕು ಅನ್ನುವವರು ಬೇರೆ ತಟ್ಟೆಯಲ್ಲಿ ಬೆಳೆಸಿ ಪಕ್ಕದಲ್ಲಿಡಿ.

ಮತ್ತೆ ನವರಾತ್ರಿ

2025ರ ನವರಾತ್ರಿ ಸೆಪ್ಟೆಂಬರ್ 22ಕ್ಕೇ ಬಂತು. ನಡು ಮಳೆಗಾಲ. ಅಟ್ಟದಿಂದ ಹಲಗೆ ಇಳಿಸುವಾಗ ನಾನೂ ಒಂದು ತುದಿ ಹಿಡಿದಿದ್ದೆ. ಪಂಚೆ ಬಿಚ್ಚಿದರು. ಬಟ್ಟೆಗೆ ಒಂದು ಕಾಳು ಮರಳು ಅಂಟಿರಲಿಲ್ಲ. ಮುಗ್ಗಲು ವಾಸನೆ ಇಲ್ಲ. ಕೊಳದಲ್ಲಿ ಚರಂಡಿ ಸುದ್ದಿ ಇಲ್ಲ, ಮೇಲಿನ ಟ್ಯೂಬ್‌ಲೈಟ್ ಮಾತ್ರ ಕಾಣುತ್ತಿತ್ತು. ಪೇಂಟರ್ ಯಜಮಾನರು ತುದಿಯ ಮೇಲೆ ಬೆರಳುಜ್ಜಿ, ಬೆರಳು ನೋಡಿಕೊಂಡು, 'ಹೂಂ' ಅಂದರು. ಅವರ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟು.

ಮೊಮ್ಮಗಳು ಹಲಗೆಯನ್ನು ಒಂದು ಕಡೆ ಎತ್ತಿ ಹಿಡಿಯಲು ಹೇಳಿದಳು. ಕೆಳಗೆ ಬಗ್ಗಿ, ತಾತನ ಕೊನೆಯ ಸಾಲಿನ ಕೆಳಗೆ, ಅರಗು ಬಳಿಯುವ ಮೊದಲೇ ಬರೆದಿದ್ದ ತನ್ನ ಸಾಲನ್ನು ಅಜ್ಜಿಗೆ ಓದಿ ಹೇಳಿದಳು: '2025 ಏಪ್ರಿಲ್. ಪುಟ್ಟಿಯೇ ಮಾಡಿದಳು. ಈ ಸಲ ಒಣಗಿತು.'

ಅಜ್ಜಿ ಗುಡಿಯನ್ನು ತುದಿಯ ಮೇಲಿಟ್ಟು, 'ಕೆಳಗೆ ಇನ್ನೂ ಜಾಗ ಇದೆ ಅಲ್ವೇ?' ಅಂತ ಕೇಳಿದರು. ಇದೆ ಅಂದಳು.

ಓದುಗ ಮಹಾಶಯರೇ, ನಿಮ್ಮ ಅಟ್ಟದಲ್ಲೂ ಇಂಥದೊಂದು ಹಲಗೆ ಇರಬಹುದು. ಹಬ್ಬದ ಹಿಂದಿನ ದಿನ ಸಾಬೂನಿನ ನೀರು, ಸ್ಪ್ರೇ ಡಬ್ಬ ಹಿಡಿದು ಅದರ ಮೇಲೆ ಬೀಳಬೇಡಿ. ಬೇವು-ಬೆಲ್ಲ ತಿಂದ ವಾರ ಅಟ್ಟ ಹತ್ತಿ. ಬಣ್ಣದ ಡಬ್ಬ ತೆಗೆಯುವ ಮೊದಲು ಒಂದು ಸಲ ಹಲಗೆ ಮಗುಚಿ, ಹಿಂದೆ ಏನಿದೆ ನೋಡಿ.